ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಮೇ ತಿಂಗಳ ಮೊದಲನೆಯ ದಿನ ಲೋಕಕ್ಕೆಲ್ಲ ಕಾರ್ಮಿಕರ ದಿನ. ಕಥೋಲಿಕ ಧರ್ಮಸಭೆಗೆ ಅದು ಕಾರ್ಮಿಕ ಸಂತ ಜೋಸೆಫರ ಹಬ್ಬವೂ ಹೌದು. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1955ರಲ್ಲಿ ಈ ಹಬ್ಬವನ್ನು ಆ ದಿನಕ್ಕೆ ಗೊತ್ತುಪಡಿಸಿದರು. ಅಂದಿನ ಬಲಿಪೂಜೆಯಲ್ಲಿ ಕಾಣಿಕೆಯ ಹೊತ್ತಿಗೆ ಜನರು ತಮ್ಮ ತಮ್ಮ ಉಪಕರಣಗಳನ್ನು ಪೀಠದ ಬಳಿಗೆ ತರುವ ವಾಡಿಕೆ ಹಲವು ಧರ್ಮಕೇಂದ್ರಗಳಲ್ಲಿದೆ. ಗಾರೆಯವನ ಕರಣೆ, ಬಡಗಿಯ ಉಳಿ, ಕೂಲಿ ಹೆಂಗಸಿನ ಕುಡುಗೋಲು, ಶಾಲೆಯ ಶಿಕ್ಷಕಿಯ ಸೀಮೆಸುಣ್ಣ. ಹೊಸಪೇಟೆ–ಸಂಡೂರು ಸೀಮೆಯಲ್ಲಿ ಒಂದು ಕಾಲಕ್ಕೆ ಇವುಗಳ ಜೊತೆಗೆ ಕೆಂಪು ಧೂಳು ಮೆತ್ತಿದ ಸುತ್ತಿಗೆಗಳೂ ಕಬ್ಬಿಣದ ಪುಟ್ಟಿಗಳೂ ಬರುತ್ತಿದ್ದವು. ಈಗ ಅವು ಅಪರೂಪ.

ಅಂಥ ಸುತ್ತಿಗೆಯೊಂದರ ಒಡೆಯ 2011ರ ಆಗಸ್ಟ್ ತಿಂಗಳಲ್ಲಿ, ಸಣ್ಣಗೆ ಮಳೆ ಹನಿಯುತ್ತಿದ್ದ ಒಂದು ಮುಂಜಾನೆ, ಗುರುಮನೆಯ ಬಾಗಿಲಲ್ಲಿ ಬಂದು ನಿಂತಿದ್ದ. ಸಾಲ ಕೇಳಲು ಬಂದಿರಬೇಕೆಂದು ನಾನು ಊಹಿಸಿದೆ. ಆ ದಿನಗಳಲ್ಲಿ ಬಂದವರೆಲ್ಲ ಅದಕ್ಕಾಗಿಯೇ ಬರುತ್ತಿದ್ದರು. ಅವನು ಕೇಳಿದ್ದು ಬೇರೆ. "ಫಾದರ್, ನಾ ಆ ಗುಡ್ಡದಾಗ ಹದಿಮೂರು ವರ್ಷ ದುಡದೀನಿ ಅಂತ ಒಂದು ಕಾಗದ ಬರಕೊಡ್ರಿ" ಎಂದ. ಗಣಿ ನಿಂತು ಹೋಗಿತ್ತು. ಕೆಲಸ ಕಳೆದುಕೊಂಡವರಿಗೆ ಏನೋ ಪರಿಹಾರ ಬರುತ್ತದೆಂದು ಯಾರೋ ಹೇಳಿದ್ದರು. ಅದಕ್ಕೆ ತಾನು ದುಡಿದದ್ದರ ಪುರಾವೆ ಬೇಕಾಗಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಸಂಬಳದ ಚೀಟಿ ಎಂಬುದನ್ನು ಅವನು ಕಂಡಿರಲೇ ಇಲ್ಲ. ವಾರಕ್ಕೊಮ್ಮೆ ಮೇಸ್ತ್ರಿ ಎಣಿಸಿ ಕೊಟ್ಟ ಹಣವೇ ಅವನ ನೌಕರಿಯ ಏಕಮಾತ್ರ ಸಾಕ್ಷಿ, ಆ ಸಾಕ್ಷಿ ಶನಿವಾರ ಸಂತೆಯಲ್ಲಿಯೇ ಕರಗಿ ಹೋಗುತ್ತಿತ್ತು.

ನಾನು ಕಪಾಟಿನಿಂದ ದೀಕ್ಷಾಸ್ನಾನದ ದಾಖಲೆ ಪುಸ್ತಕ ತೆಗೆದೆ. ಅವನು ಹುಟ್ಟಿದ ದಿನ, ತಂದೆತಾಯಿಯರ ಹೆಸರು, ಜ್ಞಾನಪಿತರ ಹೆಸರು, ಅಂಚಿನಲ್ಲಿ ದೃಢೀಕರಣ ಮತ್ತು ವಿವಾಹದ ಟಿಪ್ಪಣಿ, ಎಲ್ಲವೂ ಇದ್ದವು. ನಮ್ಮ ಬಳ್ಳಾರಿ ಧರ್ಮಪ್ರಾಂತ್ಯ 1949ರಲ್ಲಿ ರೂಪುಗೊಂಡದ್ದು. ಅದಕ್ಕೂ ಹಿಂದಿನಿಂದ ಇಲ್ಲಿಯ ಪಾದ್ರಿಗಳು ಬರೆದಿಟ್ಟ ಪುಸ್ತಕಗಳಲ್ಲಿ ಒಬ್ಬ ಕೂಲಿಯ ಹೆಸರು ಕೂಡ ತಪ್ಪಿ ಹೋಗಬಾರದೆಂಬ ಶಿಸ್ತಿದೆ. ಅವನು ಹುಟ್ಟಿದ್ದಕ್ಕೂ ಮದುವೆಯಾದದ್ದಕ್ಕೂ ನನ್ನಲ್ಲಿ ದಾಖಲೆಯಿತ್ತು, ದುಡಿದದ್ದಕ್ಕೆ ಇರಲಿಲ್ಲ. ಆದರೂ ಬರೆದುಕೊಟ್ಟೆ, ಧರ್ಮಕೇಂದ್ರದ ಮೊಹರನ್ನೂ ಒತ್ತಿದೆ. ನಾಲ್ಕು ದಿನದ ಮೇಲೆ ಅವನು ಆ ಕಾಗದವನ್ನು ಹಿಂದಕ್ಕೆ ತಂದ. ಪಾದ್ರಿಯ ಕಾಗದ ನಡತೆಗೆ ನಡೆಯುತ್ತದೆ, ನೌಕರಿಗೆ ನಡೆಯುವುದಿಲ್ಲವೆಂದು ಗುಮಾಸ್ತರು ತಿಳಿಸಿದ್ದರಂತೆ. ಗುಮಾಸ್ತರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಕಾನೂನು ಆ ಕಾಲಕ್ಕೆ ಏನು ಹೇಳುತ್ತಿತ್ತು ಎಂಬುದನ್ನು ಓದುಗರು ಗಮನಿಸಬೇಕು. 1952ರ ಗಣಿ ಕಾಯ್ದೆಯ ಪ್ರಕಾರ ಪ್ರತಿಯೊಂದು ಗಣಿಯಲ್ಲಿಯೂ ದುಡಿಯುವವರ ಹೆಸರು, ವಯಸ್ಸು, ಕೆಲಸದ ಬಗೆ, ಸೇರಿದ ದಿನಾಂಕಗಳನ್ನು ಬರೆದಿಟ್ಟ ಪುಸ್ತಕವಿರಬೇಕಾಗಿತ್ತು. 1972ರ ಉಪದಾನ ಕಾಯ್ದೆಯ ಪ್ರಕಾರ ಐದು ವರ್ಷಕ್ಕೆ ಮೇಲ್ಪಟ್ಟು ಎಡೆಬಿಡದೆ ದುಡಿದವನಿಗೆ ವರ್ಷವೊಂದಕ್ಕೆ ಹದಿನೈದು ದಿನದ ಕೂಲಿ ಸಲ್ಲಬೇಕು. ಹದಿಮೂರು ವರ್ಷಕ್ಕೆ ಲೆಕ್ಕ ಹಾಕಿದರೆ 195 ದಿನದ ಕೂಲಿ. ಇದು ಯಾರ ದಾನವೂ ಅಲ್ಲ. ಆದರೆ ಮೊದಲನೆಯ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಎರಡನೆಯ ಕಾಯ್ದೆಯ ಬಾಗಿಲು ತೆರೆಯುವುದಿಲ್ಲ.

ಹೆಸರು ಏಕೆ ಇರಲಿಲ್ಲ? 2003ರ ಮಾರ್ಚ್‌ನಲ್ಲಿ ರಾಜ್ಯ ಸರಕಾರವು 11,620 ಚದರ ಕಿಲೋಮೀಟರ್ ಪ್ರದೇಶವನ್ನು ಮೀಸಲಿನಿಂದ ಬಿಡಿಸಿ ಖಾಸಗಿ ಗಣಿಗಾರಿಕೆಗೆ ತೆರೆಯಿತು. ಚೀನಾದೇಶದಲ್ಲಿ ಉಕ್ಕಿನ ಹಸಿವು ಏರಿ ಅದಿರಿನ ಬೆಲೆ ಮುಗಿಲು ಮುಟ್ಟಿದ ಕಾಲವದು. ಗುಡ್ಡಗಳಿರಲಿ, ಹೊಸಪೇಟೆ ಸಂಡೂರುಗಳ ನಡುವಿನ ಪಟ್ಟಾ ಹೊಲಗಳನ್ನೂ ಅಗೆದರು. ಜೋಳ, ಸಜ್ಜೆ ಬೆಳೆಯುತ್ತಿದ್ದ ಮಣ್ಣಿನ ಮೇಲ್ಪದರದಲ್ಲಿ ಚೆಲ್ಲಾಡಿದ್ದ ಅದಿರುಗಲ್ಲುಗಳನ್ನು ಗಂಡ, ಹೆಂಡತಿ, ಮಕ್ಕಳು ಕೂಡಿ ಸುತ್ತಿಗೆಯಿಂದ ಒಡೆದು ಪುಟ್ಟಿ ಲೆಕ್ಕದಲ್ಲಿ ಮಾರುತ್ತಿದ್ದರು. ಶಾಲೆಯ ಹಾಜರಿಯಲ್ಲಿದ್ದ ಮಕ್ಕಳ ಹೆಸರು ಅಲ್ಲಿ ಕೆಂಪು ಶಾಯಿಗೆ ತಿರುಗಿತು, ಗುಂಡಿಯ ಬಳಿ ಮಾತ್ರ ಯಾವ ಪುಸ್ತಕವನ್ನೂ ಸೇರಲಿಲ್ಲ. ಗುತ್ತಿಗೆದಾರನ ಕೆಳಗೆ ಉಪಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ. ಕೊನೆಯ ಮೆಟ್ಟಿಲಿನಲ್ಲಿ ಕುಳಿತವನಿಗೆ ತನ್ನ ಧಣಿ ಯಾರೆಂಬುದೇ ತಿಳಿಯದು. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಎರಡು ವರದಿಗಳು, 2008ರದ್ದು ಮತ್ತು 2011ರ ಜುಲೈ ತಿಂಗಳದ್ದು, ಲೂಟಿಯಾದ ಅದಿರಿನ ಲೆಕ್ಕವನ್ನು ನಾಡಿನ ಮುಂದೆ ಇಟ್ಟವು. ಅದಿರು ಎಷ್ಟು ಟನ್ ಹೋಯಿತೆಂಬುದು ಹೀಗೆ ಪತ್ತೆಯಾಯಿತು. ಅದನ್ನು ಅಗೆದವರು ಎಷ್ಟು ಮಂದಿ ಎಂಬುದಕ್ಕೆ ಇಂದಿಗೂ ಎಲ್ಲರೂ ಒಪ್ಪುವ ಲೆಕ್ಕವಿಲ್ಲ.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ನೆಲ, ನೀರು, ಕಾಡುಗಳಿಗೆ ಆದ ಗಾಯವನ್ನು ಕಂಡವರಾರೂ ಆ ಆಜ್ಞೆಯನ್ನು ಅನ್ಯಾಯವೆನ್ನಲಾರರು, ನಾನೂ ಎನ್ನುವುದಿಲ್ಲ. ಅದೇ ದಿನ ಮುಂಜಾನೆ, ಇಲ್ಲಿಂದ ಹನ್ನೆರಡು ಕಿಲೋಮೀಟರ್ ದೂರದ ಹಂಪಿಯಲ್ಲಿ, ವಿರೂಪಾಕ್ಷ ದೇಗುಲದ ಮುಂದಿನ ರಥಬೀದಿಯ ಮಂಟಪಗಳಲ್ಲಿ ಮನೆ, ಅಂಗಡಿ ಹೂಡಿಕೊಂಡಿದ್ದವರ ಮೇಲೆ ಬುಲ್ಡೋಜರುಗಳು ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯನ್ನು ಕಾಪಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಾಳೆಹಣ್ಣು, ತೆಂಗಿನಕಾಯಿ, ಚಹಾ ಮಾರಿ ಬದುಕುತ್ತಿದ್ದವರಿಗೆ ಕಡ್ಡಿರಾಂಪುರದ ಕಡೆ ನಿವೇಶನ ಕೊಡುವ ಮಾತು ಬಂದಾಗ, ಯಾರು ಪಟ್ಟಿಯಲ್ಲಿದ್ದಾರೆ, ಯಾರು ಇಲ್ಲ ಎಂಬ ಅದೇ ಪ್ರಶ್ನೆ ವರ್ಷಗಟ್ಟಲೆ ಎಳೆಯಿತು. ಒಂದೇ ದಿನ, ಒಂದೇ ತಾಲೂಕಿನ ಆಸುಪಾಸಿನಲ್ಲಿ, ಕಲ್ಲು ಒಡೆಯುವವರೂ ಕಲ್ಲಿನ ನೆರಳಿನಲ್ಲಿ ವ್ಯಾಪಾರ ಮಾಡುವವರೂ ಕೆಲಸ ಕಳೆದುಕೊಂಡರು. ಎರಡು ಕಡೆಯೂ ಆಜ್ಞೆಗೆ ಕಾರಣವಿತ್ತು, ಎರಡು ಕಡೆಯೂ ದುಡಿಯುವವರ ಪರವಾಗಿ ಮೇಜಿನ ಮುಂದೆ ಕುಳಿತು ಮಾತನಾಡುವ ಬಲವಾದ ಸಂಘವಿರಲಿಲ್ಲ.

ಸಂಘವಿದ್ದ ಕಡೆ ಏನಾಯಿತು? ಸಂಡೂರಿನ ದೋಣಿಮಲೈಯಲ್ಲಿ 1977ರಿಂದ ಕೇಂದ್ರ ಸರಕಾರದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿಯಿದೆ. ನಿಷೇಧವಾದ ಒಂದು ವಾರದೊಳಗೆ, ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕೆಂಬ ಕಾರಣಕ್ಕೆ, ತಿಂಗಳಿಗೆ ಹತ್ತು ಲಕ್ಷ ಟನ್ ತೆಗೆಯಲು ನ್ಯಾಯಾಲಯ ಆ ನಿಗಮಕ್ಕೆ ಅನುಮತಿ ನೀಡಿತು. ಮುಂದೆ 2018ರ ನವೆಂಬರಿನಿಂದ 2021ರ ಫೆಬ್ರುವರಿಯವರೆಗೆ ಗುತ್ತಿಗೆ ನವೀಕರಣದ ವಿವಾದದಿಂದ ದೋಣಿಮಲೈ ಗಣಿ ಮುಚ್ಚಿಯೇ ಇತ್ತು. ಆಗಲೂ ಅಲ್ಲಿಯ ಕಾಯಂ ಕಾರ್ಮಿಕನ ಮನೆಯ ಒಲೆ ಆರಲಿಲ್ಲ. ಅವನ ಹೆಸರು ಪುಸ್ತಕದಲ್ಲಿತ್ತು, ಹೆಸರಿನ ಹಿಂದೆ ಸಂಘವಿತ್ತು. ಆದರೆ ಅದೇ ಗಣಿಯ ಗುತ್ತಿಗೆ ಕಾರ್ಮಿಕನಿಗೆ ಅಂಥ ಭರವಸೆಯಿರಲಿಲ್ಲ ಎಂಬುದನ್ನೂ ಹೇಳಬೇಕು. ಕಾಯಂ ಕಾರ್ಮಿಕರ ಸಂಘಗಳು ಬೇಲಿಯ ಹೊರಗಿನ ತಮ್ಮ ಸಹೋದರರನ್ನು ಎಷ್ಟು ಬಾರಿ ನೆನೆದಿವೆ ಎಂಬ ಪ್ರಶ್ನೆಯನ್ನು ನಮ್ಮ ಕಾರ್ಮಿಕ ನಾಯಕರು ತಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಹೊಸಪೇಟೆಯ ಇನ್ನೊಂದು ನೆನಪು ಇಲ್ಲಿ ಬರುತ್ತದೆ. ತುಂಗಭದ್ರಾ ಅಣೆಕಟ್ಟಿಗೆ ಗೇಟುಗಳನ್ನು ಮಾಡಲೆಂದೇ 1947ರಲ್ಲಿ ಆರಂಭವಾದ ಕಾರ್ಯಾಗಾರ 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿಯಾಯಿತು. ದೇಶದ ಹಲವು ಅಣೆಕಟ್ಟುಗಳ ಗೇಟುಗಳನ್ನು ನಮ್ಮೂರಿನ ಕೈಗಳು ಎರಕ ಹೊಯ್ದು ಬೆಸುಗೆ ಹಾಕಿ ಕಳಿಸಿದವು. ನಷ್ಟದಿಂದ ನರಳುತ್ತಿದ್ದ ಅದನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2015ರಲ್ಲಿ ಒಪ್ಪಿತು. ಅಲ್ಲಿಯ ನೌಕರರು ತಾವು ಬಯಸಿದಷ್ಟನ್ನು ಪಡೆಯಲಿಲ್ಲ; ಆದರೂ ಹೋಗುವಾಗ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಅವರಿಗೊಂದು ಲೆಕ್ಕವಾದರೂ ಇತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋದಾಗ, ಊರಿನ ಹಿರಿಯರು ಮೊದಲು ಆಡಿದ ಮಾತು ಆ ಮುಚ್ಚಿದ ಕಾರ್ಖಾನೆಯದೇ. ಹೊಸಪೇಟೆ, ತೋರಣಗಲ್ಲುಗಳ ಬೇರೆ ಕಾರ್ಯಾಗಾರಗಳಲ್ಲಿ ತಡೆಹಲಗೆಗಳನ್ನು ತಯಾರಿಸಿ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಇಳಿಸಿದರು. ಮಾಧ್ಯಮಗಳು ತಜ್ಞರನ್ನು ಸರಿಯಾಗಿಯೇ ಹಾಡಿ ಹೊಗಳಿದವು. ಪ್ರಾಣ ಪಣಕ್ಕಿಟ್ಟು ಕ್ರೇನಿನ ಹಗ್ಗ ಹಿಡಿದು ನಿಂತವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು?

ಸಂಘ ಕಟ್ಟುವುದು ಪಾದ್ರಿಯೊಬ್ಬನ ಅಂಕಣಕ್ಕೆ ವಿಷಯವೇ ಎಂದು ಕೆಲವರು ಕೇಳಬಹುದು. ಗುರುವಿದ್ಯಾಮಂದಿರದಲ್ಲಿ ತತ್ವಶಾಸ್ತ್ರ ಓದುವಾಗ ನಮಗೆ ಪಾಠವಾಗಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಕೆಲವು ಪಂಡಿತರು, ಭಿಕ್ಷಾಟನೆಯ ಸನ್ಯಾಸಿಗಳು ತಮ್ಮದೇ ಸಂಘ ಕಟ್ಟಿಕೊಂಡು ಬೋಧಿಸುವುದು ಸಲ್ಲದೆಂದು ವಾದ ಹೂಡಿದರು. ಅದಕ್ಕೆ ಉತ್ತರವಾಗಿ ಸಂತ ಥಾಮಸ್ ಅಕ್ವಿನಾಸರು ಒಂದು ಗ್ರಂಥ ಬರೆದರು. ಮನುಷ್ಯರು ಒಂದು ಒಳ್ಳೆಯ ಉದ್ದೇಶಕ್ಕಾಗಿ ಕೂಡುವುದು ನ್ಯಾಯವೇ ಎಂಬುದು ಅದರಲ್ಲಿನ ಒಂದು ವಾದ. ಆರು ನೂರು ವರ್ಷಗಳ ನಂತರ, 1891ರ ಮೇ 15ರಂದು, ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರ ಸ್ಥಿತಿಗತಿ ಕುರಿತು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಹೊರಡಿಸಿದಾಗ ಇದೇ ಗ್ರಂಥವನ್ನು ಆಧಾರವಾಗಿ ಹಿಡಿದರು. ಸನ್ಯಾಸಿಗಳಿಗಾಗಿ ಕಟ್ಟಿದ ವಾದ ಕೂಲಿಕಾರರ ಪರವಾಗಿ ನಿಂತಿತು. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಏಕೆ ಆರಿಸಿಕೊಂಡರೆಂಬುದಕ್ಕೆ ಎರಡು ದಿನಗಳ ಮೇಲೆ ಕಾರ್ಡಿನಲರ ಮುಂದೆ ಕೊಟ್ಟ ಕಾರಣಗಳಲ್ಲಿ ಈ ಪತ್ರವೇ ಮುಖ್ಯವಾದುದು. ಇಷ್ಟಿದ್ದರೂ ನಮ್ಮ ಬಲಿಪೂಜೆಯ ಪ್ರಬೋಧನೆಗಳಲ್ಲಿ ಕೂಲಿಯ ಮಾತು ಬರುವುದು ವರ್ಷಕ್ಕೊಂದು ದಿನ. ದ್ರಾಕ್ಷಿತೋಟದ ಸಾಮತಿಯನ್ನು ಓದುವಾಗ ಸಂಜೆ ಐದರವರೆಗೆ ಚೌಕದಲ್ಲಿ ನಿಂತಿದ್ದ ಆಳುಗಳನ್ನು ಸೋಮಾರಿಗಳೆಂಬಂತೆ ವಿವರಿಸುವ ಪ್ರಬೋಧಕರನ್ನು ಕೇಳಿದ್ದೇನೆ; ನಮ್ಮನ್ನು ಯಾರೂ ಕರೆಯಲಿಲ್ಲ ಎಂಬ ಅರ್ಥದ ಅವರ ಉತ್ತರ ಸುವಾರ್ತೆಯಲ್ಲಿಯೇ ಇದೆ.

ಇನ್ನು ನಮ್ಮ ಸೀಮೆಗೆ ಸಂಘಟನೆ ಹೊಸದೇನಲ್ಲ. ನಾಟಿ, ಕಳೆ, ಕೊಯ್ಲುಗಳಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿದು ತೀರಿಸುವ ಮುಯ್ಯಾಳಿನ ಪದ್ಧತಿ ನಮ್ಮ ಹಿರಿಯರದು. ಸಂಡೂರಿನಲ್ಲಿಯೇ 1973ರಲ್ಲಿ ಸಮಾಜವಾದಿಗಳ ಮುಂದಾಳುತನದಲ್ಲಿ ರೈತರು ಭೂಮಿಗಾಗಿ ಸತ್ಯಾಗ್ರಹ ಹೂಡಿ ಸೆರೆಮನೆ ಕಂಡರು. ಅಂದಿನ ದೇವರಾಜ ಅರಸು ಸರಕಾರದಲ್ಲಿ ಸಂಡೂರಿನ ರಾಜಮನೆತನದವರೇ ಆದ ಎಂ.ವೈ. ಘೋರ್ಪಡೆಯವರು ಹಣಕಾಸು ಸಚಿವರಾಗಿದ್ದರು. 1976ರಲ್ಲಿ ಸಂಡೂರು ಪ್ರದೇಶಕ್ಕೆಂದೇ ಪ್ರತ್ಯೇಕವಾದ ಇನಾಮು ರದ್ದತಿ ಕಾಯ್ದೆ ಬಂತು. ಒಂದು ತಾಲೂಕಿನ ರೈತರ ಹೆಸರಿಗಾಗಿ ವಿಧಾನಮಂಡಲ ಒಂದು ಕಾಯ್ದೆಯನ್ನೇ ಬರೆಯಬೇಕಾಯಿತು! ಪಹಣಿಯಲ್ಲಿ ಹೆಸರು ಬರುವುದೆಂದರೆ ಏನೆಂದು ಆ ಮುದುಕರು ಬಲ್ಲವರಾಗಿದ್ದರು. ಅವರ ಮೊಮ್ಮಕ್ಕಳೇ ಮೂವತ್ತು ವರ್ಷಗಳ ನಂತರ ಅದೇ ಹೊಲಗಳಲ್ಲಿ ಹೆಸರಿಲ್ಲದ ಅದಿರಿನ ಕೂಲಿಗಳಾದರು.

ಅದೇ ಮನೆತನದ ಆಸರೆಯಲ್ಲಿ ಬೆಳೆದ ಇನ್ನೊಂದು ಸಂಸ್ಥೆಯನ್ನು ಮರೆಯುವುದು ನ್ಯಾಯವಲ್ಲ. 1980ರ ದಶಕದಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ತಾಯಂದಿರ ಕಸೂತಿಯನ್ನು ತಾಂಡಾದಿಂದ ಹೊರಲೋಕಕ್ಕೆ ಕೊಂಡೊಯ್ದಿತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ, 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಇದು ಸಹಕಾರ ಸಂಘವಲ್ಲ, ಕಾರ್ಮಿಕ ಸಂಘವೂ ಅಲ್ಲ. ಮೇಲಿನಿಂದ ಕೈಹಿಡಿದು ನಡೆಸಿದ ಸಂಸ್ಥೆ. ತತ್ವದ ದೃಷ್ಟಿಯಿಂದ ನನಗೆ ಕೆಳಗಿನಿಂದ ಎದ್ದ ಸಂಘವೇ ಇಷ್ಟ. ಆದರೆ ಗಣಿ ನಿಂತಾಗಲೂ ಸೂಜಿ ನಿಲ್ಲದ ಮನೆಗಳನ್ನು ಕಂಡವನು ತತ್ವವನ್ನು ಸ್ವಲ್ಪ ಮೆಲ್ಲಗೆ ಹೇಳಬೇಕಾಗುತ್ತದೆ.

ಸಹಕಾರದ ಮಾತಿಗೆ ಬಂದರೆ, ಹೊಸಪೇಟೆಯಿಂದ ರೈಲುಹಾದಿ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಗದಗಿನ ಬಳಿಯ ಕಣಗಿನಹಾಳವೇ ಅದರ ತವರು. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ, 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿಸಿದರು. ಸಾಹುಕಾರನ ಬಡ್ಡಿಗೆ ಹೊಲ ಬರೆದುಕೊಡುತ್ತಿದ್ದ ರೈತ ತನ್ನಂಥ ರೈತರ ಜಾಮೀನಿನ ಮೇಲೆ ಸಾಲ ಪಡೆಯುವಂತಾಯಿತು. ಆ ಬಳ್ಳಿ ಹಬ್ಬಿ ಇಂದು ಪ್ರತಿ ಹೋಬಳಿಯಲ್ಲಿಯೂ ಪತ್ತಿನ ಸಂಘವಿದೆ; ಬಳ್ಳಾರಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿ ಹೊಸಪೇಟೆಯಲ್ಲಿಯೇ ಇದೆ. ಹಳ್ಳಿಯ ಹಾಲಿನ ಸಂಘದಲ್ಲಿ ಮುಂಜಾನೆ ಕ್ಯಾನಿನ ಮುಂದೆ ಸಾಲು ನಿಂತ ಹೆಂಗಸರ ಕೈಯಲ್ಲಿರುವ ಸಣ್ಣ ಪಾಸ್ ಪುಸ್ತಕವನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಇಂತಿಷ್ಟು ಲೀಟರು, ಇಂತಿಷ್ಟು ಜಿಡ್ಡು, ಇಂತಿಷ್ಟು ರೂಪಾಯಿ, ಮೇಲೆ ಆಕೆಯ ಹೆಸರು.

ಕಂಪ್ಲಿಯ ಕಥೆ ಅಷ್ಟು ಸಿಹಿಯಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುವ ಆ ನೆಲದಲ್ಲಿ ಬತ್ತ, ಬಾಳೆ, ಕಬ್ಬು ಹುಲುಸಾಗಿ ಬೆಳೆಯುತ್ತವೆ. ರೈತರ ಷೇರು ಹಣದಿಂದ ನಿಂತ ಸಹಕಾರಿ ಸಕ್ಕರೆ ಕಾರ್ಖಾನೆ ಅಲ್ಲಿತ್ತು. ಅದು ಬಾಗಿಲು ಹಾಕಿ ದಶಕಗಳೇ ಕಳೆದಿವೆ. ಹೊಸಪೇಟೆಯ ಖಾಸಗಿ ಸಕ್ಕರೆ ಕಾರ್ಖಾನೆಯೂ ನಿಂತ ಮೇಲೆ ಕಬ್ಬು ದೂರದೂರದ ಕಾರ್ಖಾನೆಗಳಿಗೆ ಲಾರಿ ಏರುತ್ತದೆ. ಸಹಕಾರಿ ಕಾರ್ಖಾನೆಯೊಂದು ಸೋಲುವುದು ಯಂತ್ರ ಹಳತಾದ ಕಾರಣಕ್ಕಷ್ಟೇ ಅಲ್ಲ. ಸದಸ್ಯನು ವಾರ್ಷಿಕ ಸಭೆಗೆ ಬಂದು, ಲಾಡು ತಿಂದು, ಲೆಕ್ಕಪತ್ರ ಓದದೆ ಕೈಯೆತ್ತಿ ಮನೆಗೆ ಹೋದ ವರ್ಷದಿಂದಲೇ ಸೋಲು ಆರಂಭವಾಗಿರುತ್ತದೆ ಎಂಬುದು ನಾನು ಹಲವು ಊರುಗಳ ಸಹಕಾರ ಸಂಘಗಳನ್ನು ನೋಡಿ ತಳೆದ ಅಭಿಪ್ರಾಯ. ಪುಸ್ತಕದಲ್ಲಿ ಹೆಸರಿದ್ದೂ ಪುಸ್ತಕವನ್ನು ತೆರೆಯದವನ ಸ್ಥಿತಿ ಹೆಸರಿಲ್ಲದವನ ಸ್ಥಿತಿಗಿಂತ ಬಹಳ ಮೇಲೇನಲ್ಲ.

ಧರ್ಮಸಭೆಯ ಗುರುಗಳು ಈ ಕ್ಷೇತ್ರಕ್ಕೆ ಇಳಿದದ್ದುಂಟು. ಛೋಟಾನಾಗಪುರದಲ್ಲಿ ಯೇಸುಸಭೆಯ ಜರ್ಮನ್ ಗುರು ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ನರು ಸಾಹುಕಾರರ ಹಿಡಿತದಲ್ಲಿ ಭೂಮಿ ಕಳೆದುಕೊಳ್ಳುತ್ತಿದ್ದ ಮುಂಡಾ, ಉರಾಂವ್ ಆದಿವಾಸಿಗಳಿಗಾಗಿ 1909ರಲ್ಲಿ ಕಥೋಲಿಕ ಸಹಕಾರ ಪತ್ತಿನ ಸಂಘ ಕಟ್ಟಿದರು. ಮೊದಲ ಮಹಾಯುದ್ಧ ಬಂತು. ಜರ್ಮನ್ ಪ್ರಜೆಯೆಂಬ ಕಾರಣಕ್ಕೆ 1915ರಲ್ಲಿ ಅವರನ್ನು ದೇಶದಿಂದಲೇ ಕಳಿಸಿಬಿಟ್ಟರು. ಸಂಘ ಮಾತ್ರ ಉಳಿಯಿತು. ನಮ್ಮ ಮಂಗಳೂರಿನಲ್ಲಿ 1912ರಲ್ಲಿ ಆರಂಭವಾದ ಕಥೋಲಿಕ ಸಹಕಾರಿ ಬ್ಯಾಂಕು ಶ್ರೀಸಾಮಾನ್ಯರಾದ ವಿಶ್ವಾಸಿಗಳದೇ ಉದ್ಯಮ, ಅದೂ ಶತಮಾನ ದಾಟಿ ನಡೆದಿದೆ.

ಇದರ ಪಕ್ಕದಲ್ಲಿ ನನ್ನ ಸೋಲನ್ನೂ ಇಡುತ್ತೇನೆ. ಹಿಂದಿನ ಒಂದು ಧರ್ಮಕೇಂದ್ರದಲ್ಲಿ ನಾನೇ ಮುಂದೆ ನಿಂತು ಉಳಿತಾಯ ಸಂಘವೊಂದನ್ನು ಕಟ್ಟಿದ್ದೆ. ಅಧ್ಯಕ್ಷ ನಾನು, ಲೆಕ್ಕ ಬರೆಯುವವನು ನಾನು, ಪೆಟ್ಟಿಗೆಯ ಬೀಗದ ಕೈ ನನ್ನ ಜೇಬಿನಲ್ಲಿ. ಜನರು ಫಾದರ್ ಮೇಲಿನ ನಂಬಿಕೆಯಿಂದ ಹಣ ಕಟ್ಟಿದರು, ಫಾದರ್ ಮೇಲಿನ ಗೌರವದಿಂದ ಸಾಲ ತೀರಿಸಿದರು. ಐದು ವರ್ಷಕ್ಕೆ ನನಗೆ ವರ್ಗವಾಯಿತು. ಒಂದೂವರೆ ವರ್ಷದೊಳಗೆ ಸಂಘ ಮುಚ್ಚಿತು. ಯಾರೂ ಹಣ ತಿನ್ನಲಿಲ್ಲ, ಯಾರೂ ಜಗಳವಾಡಲಿಲ್ಲ; ಸಭೆ ಕರೆಯಲು ಯಾರೂ ಇರಲಿಲ್ಲ, ಅಷ್ಟೇ. ಹಾಫ್‌ಮನ್ನರು ಆರು ವರ್ಷದಲ್ಲಿ ಕಲಿಸಿದ್ದನ್ನು ನಾನು ಐದು ವರ್ಷದಲ್ಲಿ ಕಲಿಸಲಿಲ್ಲ. ಕೆಳಗಿನವರು ತಾವೇ ಮಾಡಬಲ್ಲದ್ದನ್ನು ಮೇಲಿನವರು ಕಸಿದುಕೊಳ್ಳಬಾರದೆಂಬ ಪೂರಕ ತತ್ವವನ್ನು ಹನ್ನೊಂದನೆಯ ಪಯಸ್‌ರವರು 1931ರ ವಿಶ್ವಪತ್ರದಲ್ಲಿ ಬೋಧಿಸಿದ್ದಾರೆ. ಪರೀಕ್ಷೆಯಲ್ಲಿ ಅದರ ಮೇಲೆ ನಾನು ಒಳ್ಳೆಯ ಅಂಕ ಪಡೆದಿದ್ದೆ.

ಈಚೆಗೆ 'ಸಂಘ' ಎಂಬ ಪದಕ್ಕೇ ಕೇಡು ಬಂದಿದೆ. 1990ರ ದಶಕದಿಂದ ನಮ್ಮ ಹಳ್ಳಿಗಳಲ್ಲಿ ಹಬ್ಬಿದ ಮಹಿಳಾ ಸ್ವಸಹಾಯ ಸಂಘಗಳು ತಾಯಂದಿರಿಗೆ ಬ್ಯಾಂಕಿನ ಮೆಟ್ಟಿಲು ಹತ್ತಲು ಕಲಿಸಿದವು. ಆ ಒಳ್ಳೆಯ ಹೆಸರಿನ ನೆರಳಿನಲ್ಲಿಯೇ ಖಾಸಗಿ ಕಿರುಸಾಲ ಕಂಪನಿಗಳೂ ಬಂದವು. ಅವುಗಳ ವಾರದ ಕಂತನ್ನೂ ಜನ 'ಸಂಘದ ಕಂತು' ಎನ್ನುತ್ತಾರೆ. ಹತ್ತು ಹೆಂಗಸರನ್ನು ಕೂಡಿಸುವುದು ಅಲ್ಲಿಯೂ ಉಂಟು, ಆದರೆ ಕೂಡಿಸುವುದು ಒಬ್ಬಳು ತಪ್ಪಿದರೆ ಉಳಿದವರು ಅವಳ ಮನೆಯ ಮುಂದೆ ನಿಲ್ಲಲೆಂದು. ವಸೂಲಿಯ ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ಹೆಚ್ಚಿದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು. ಮುಯ್ಯಾಳು ಕೂಡುತ್ತಿದ್ದ ನಾಡಿನಲ್ಲಿ ಕೂಡುವುದೆಂದರೆ ಭಯಪಡುವ ಕಾಲ ಬಂದದ್ದು ನನಗೆ ಬಡತನಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಗಣಿಯಿಂದ ಹಾಳಾದ ಪ್ರದೇಶದ ಪುನಶ್ಚೇತನಕ್ಕೆಂದು 2014ರಲ್ಲಿ ರಚಿಸಿದ ನಿಗಮದ ಬಳಿ ಸಾವಿರಾರು ಕೋಟಿ ರೂಪಾಯಿಯ ನಿಧಿಯಿದೆ. ಅದರ ಬಳಕೆಯನ್ನು ನೋಡಿಕೊಳ್ಳಲು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ರಸ್ತೆ, ಆಸ್ಪತ್ರೆ, ಶಾಲೆ, ಕುಡಿಯುವ ನೀರು ಎಲ್ಲವೂ ಬೇಕು. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರಿಗೂ ಅದರಲ್ಲಿ ಪಾಲು ಬೇಕೆಂದು ಕಾರ್ಮಿಕ ಸಂಘಟನೆಗಳು ಕೇಳುತ್ತ ಬಂದಿವೆ. ಕೇಳಿದಾಗಲೆಲ್ಲ ಎದುರಾಗುವುದು ಅದೇ ಗೋಡೆ: ಗಣಿ ಕಾರ್ಮಿಕ ಯಾರು, ಪಟ್ಟಿ ಎಲ್ಲಿದೆ?

ನನ್ನ ಬಾಗಿಲಿಗೆ ಬಂದಿದ್ದ ಆತ ಆ ವರ್ಷವೇ ಸಂಸಾರದೊಡನೆ ಬೆಂಗಳೂರಿಗೆ ಹೋದ. ಕಟ್ಟಡದ ಕೆಲಸ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಮತ್ತೆ ಅದೇ ಕಾಗದ! ಆದರೆ ಅಲ್ಲಿ ನೋಂದಾಯಿತ ಕಾರ್ಮಿಕ ಸಂಘವೂ ಆ ಪ್ರಮಾಣಪತ್ರ ಕೊಡಬಹುದು. ಕ್ರಿಸ್ಮಸ್ ಹೊತ್ತಿಗೆ ಫೋನು ಮಾಡಿ, "ಫಾದರ್, ಇಲ್ಲಿ ಸಂಘದವರ ಬರಕೊಟ್ರು" ಎಂದ. ಅವನ ದನಿಯಲ್ಲಿದ್ದದ್ದು ಹಣ ಸಿಕ್ಕವನ ಸಂತೋಷವಾಗಿರಲಿಲ್ಲ. ಹಣ ಇನ್ನೂ ಬಂದಿರಲೂ ಇಲ್ಲ.

2021ರ ಆಗಸ್ಟಿನಿಂದ ಕೇಂದ್ರ ಸರಕಾರದ ಇ-ಶ್ರಮ್ ಚೀಟಿ ಅಸಂಘಟಿತ ಕಾರ್ಮಿಕರಿಗೆ ದೊರೆಯುತ್ತಿದೆ. ಮಾಡಿಸದವರು ದಯವಿಟ್ಟು ಮಾಡಿಸಿಕೊಳ್ಳಿ. ಅದು ಒಬ್ಬನನ್ನು ಎಣಿಸುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದೇ; ಎಣಿಸಿದವರನ್ನು ಒಂದೆಡೆ ಕೂಡಿಸುವ ಕೆಲಸ ಅದರದಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಸ್ಥಾನದಲ್ಲಿ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆಯಿದೆ. ಮುಷ್ಕರಕ್ಕೆ ಅದು ಹಾಕಿರುವ ಕಟ್ಟುಪಾಡುಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಅಸಮಾಧಾನವಿದೆ, ಅದು ಬೇರೆಯೇ ಚರ್ಚೆ. ಸಂಘ ನೋಂದಾಯಿಸಲು ಅರ್ಜಿಯ ಮೇಲೆ ಕನಿಷ್ಠ ಏಳು ಮಂದಿಯ ಸಹಿ ಬೇಕೆಂಬ ಹಳೆಯ ನಿಯಮ ಮಾತ್ರ ಹಾಗೆಯೇ ಉಳಿದಿದೆ.

ಈ ಏಳರ ಲೆಕ್ಕವನ್ನು ನನಗೆ ತಿಳಿಸಿದವರು ಕಂಪ್ಲಿ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುವ ಹಮಾಲರು. ಅವರಲ್ಲಿ ಇಬ್ಬರು ನಮ್ಮ ಧರ್ಮಕೇಂದ್ರದವರು. ಉಳಿದವರು ಬೇರೆ ಬೇರೆ ಜಾತಿ, ಬೇರೆ ಬೇರೆ ದೇವರು. ಸೇರಿ ಮಾತನಾಡಲು ಧರ್ಮೋಪದೇಶದ ಕೋಣೆ ಸಿಗಬಹುದೇ ಎಂದು ಕೇಳಿದರು. ಜೊತೆಗೆ ನೀವೇ ಅಧ್ಯಕ್ಷರಾಗಿ ಎಂದೂ ಕೇಳಿದರು. ಎರಡನೆಯದಕ್ಕೆ ಇಲ್ಲವೆಂದೆ. ನೂರು ಪುಟದ ನೋಟುಪುಸ್ತಕವೊಂದನ್ನು ತಂದಿದ್ದಾರೆ. ಮೊದಲ ಪುಟದಲ್ಲಿ ಈವರೆಗೆ ಆರು ಹೆಸರುಗಳಿವೆ, ನಾಲ್ಕು ಸಹಿ, ಎರಡು ಹೆಬ್ಬೆಟ್ಟು. ಏಳನೆಯವನು ಮೇಸ್ತ್ರಿಯಿಂದ ಮಗಳ ಮದುವೆಗೆ ಮುಂಗಡ ಪಡೆದಿದ್ದಾನೆ. ಸುಗ್ಗಿ ಮುಗಿದು ಅದು ತೀರಲಿ, ಆಮೇಲೆ ನೋಡೋಣ ಎನ್ನುತ್ತಾನಂತೆ. ಕೋಣೆಯ ಬೀಗದ ಕೈಯನ್ನು ಅವರ ಕೈಗೇ ಕೊಟ್ಟಿದ್ದೇನೆ. ಶನಿವಾರ ರಾತ್ರಿ ಎಂಟು ಗಂಟೆಗೆ ಸೇರುತ್ತಾರೆ.